ಒಂದೇ ಒಂದು ಸುಳ್ಳು, ಉಳಿದದ್ದೆಲ್ಲ ಲೆಕ್ಕ

ಪ್ರಶ್ನೆ: ನಾನು ಹಾಸನದವನು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ಈಗ ನಿವೃತ್ತನಾಗಿದ್ದೇನೆ. ಎಂಜಿನಿಯರಿಂಗ್ ಓದುತ್ತಿರುವ ಮಗಳಿಗೆ ಸೈನ್ಸ್ ಫಿಕ್ಷನ್ ಕೈಗೆ ಸಿಕ್ಕರೆ ಊಟದ ಗ್ಯಾನವೂ ಇರುವುದಿಲ್ಲ. ಅವಳ ಬಲವಂತಕ್ಕೆ ಎರಡು ಪುಸ್ತಕ ಹಿಡಿದೆ, ಎರಡೂ ಅರ್ಧಕ್ಕೇ ನಿಂತವು. ಪಾತ್ರಗಳು ಸಪ್ಪೆ, ಯಂತ್ರಗಳ ವರ್ಣನೆ ಜಾಸ್ತಿ. ಮುಂದೆ ಆಗುವುದನ್ನು ಮೊದಲೇ ಹೇಳುತ್ತದೆ ಅನ್ನುವುದೇ ಇದರ ಹೆಚ್ಚುಗಾರಿಕೆಯಾ? ಕಲ್ಪನೆಯೇ ಬೇಕು ಅಂದರೆ ನಮ್ಮ ಪುರಾಣಗಳಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?

ಉತ್ತರ:

ಮೇಷ್ಟ್ರೇ, ನಿಮ್ಮ ದೂರಿನಲ್ಲಿ ಅರ್ಧ ನಿಜ ಇದೆ. ಈ ಜಾತಿಯಲ್ಲಿ ದೊಡ್ಡ ಹೆಸರು ಮಾಡಿದ ಎಷ್ಟೋ ಕಾದಂಬರಿಗಳಿವೆ, ಓದಿ ಮುಗಿಸಿದ ಮಾರನೇ ದಿನ ನಾಯಕನ ಹೆಸರು ಕೇಳಿದರೆ ನನಗೂ ಬಾಯಿಗೆ ಬರುವುದಿಲ್ಲ. ಆದರೆ ಪುಸ್ತಕ ಮಾತ್ರ ಇಪ್ಪತ್ತು ವರ್ಷ ಆದರೂ ಮರೆಯುವುದಿಲ್ಲ. ಯಾಕೆಂದರೆ ಅಲ್ಲಿ ನಾಯಕನ ಜಾಗದಲ್ಲಿ ಕೂತಿರುವುದು ಒಂದು ಐಡಿಯಾ. ಲೇಖಕ ಒಂದು ಸುಳ್ಳು ಹೇಳುತ್ತಾನೆ. ಒಂದೇ ಒಂದು. ನಾವು ಅದನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ಸುಳ್ಳು ಹೇಳುವ ಹಕ್ಕು ಅವನಿಗಿಲ್ಲ. ಆ ಒಂದರಿಂದ ಏನೇನು ಆಗಬೇಕೋ ಅದೆಲ್ಲ ಆಗಲೇಬೇಕು, ಆಕಾಶದಲ್ಲೂ ಆಗಬೇಕು, ಅಡುಗೆಮನೆಯಲ್ಲೂ ಆಗಬೇಕು. ನಿಮ್ಮ ಮಗಳು ಊಟ ಬಿಟ್ಟು ಓದುತ್ತಿರುವುದು ಇದನ್ನು, ಅಂತ ನನ್ನ ಅಂದಾಜು.

ಸುಮ್ನೆ ತತ್ವ ಹೇಳಿದರೆ ಪ್ರಯೋಜನ ಇಲ್ಲ. ಒಂದು ಪುಸ್ತಕವನ್ನೇ ಬಿಡಿಸಿ ನೋಡೋಣ.

1953ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ, 'ಮಿಷನ್ ಆಫ್ ಗ್ರ್ಯಾವಿಟಿ'. ಬರೆದವರು ಹಾಲ್ ಕ್ಲೆಮೆಂಟ್. ಅದು ಪುಸ್ತಕದ ಮೇಲಿನ ಹೆಸರು. ನಿಜ ಜೀವನದಲ್ಲಿ ಅವರು ಹ್ಯಾರಿ ಸ್ಟಬ್ಸ್, ನಿಮ್ಮ ಹಾಗೆಯೇ ಹೈಸ್ಕೂಲ್ ಮೇಷ್ಟ್ರು, ವಿಜ್ಞಾನ ಪಾಠ ಮಾಡುತ್ತಿದ್ದವರು. ಅವರು ಹೇಳಿದ ಸುಳ್ಳು ಇಷ್ಟು: ಮೆಸ್ಕ್ಲಿನ್ ಅಂತ ಒಂದು ಭಾರಿ ಗ್ರಹ ಇದೆ, ಅದು ತನ್ನ ಸುತ್ತ ಎಷ್ಟು ಜೋರಾಗಿ ಸುತ್ತುತ್ತದೆ ಅಂದರೆ ಅಲ್ಲಿನ ಒಂದು ದಿನ ನಮ್ಮ ಸುಮಾರು 18 ನಿಮಿಷ. ಅಷ್ಟೇ. ಇನ್ನು ಮುಂದಿನದೆಲ್ಲ ಲೆಕ್ಕ.

ಅಷ್ಟು ಜೋರಾಗಿ ಸುತ್ತಿದರೆ ಗ್ರಹ ಗುಂಡಗೆ ಉಳಿಯುವುದಿಲ್ಲ, ನಡು ಉಬ್ಬಿ ತಟ್ಟೆಯ ಹಾಗಾಗುತ್ತದೆ. ನಡುವಿನಲ್ಲಿ, ಅಂದರೆ ಸಮಭಾಜಕದಲ್ಲಿ ನಿಂತವನನ್ನು ಆ ಸುತ್ತುವಿಕೆ ಹೊರಗೆ ಎಸೆಯಲು ನೋಡುತ್ತಿರುತ್ತದೆ, ಹಾಗಾಗಿ ಅಲ್ಲಿ ತೂಕ ಭೂಮಿಯ ಮೂರು ಪಟ್ಟು ಮಾತ್ರ. ಧ್ರುವದ ಕಡೆ ಹೋಗುತ್ತಾ ಹೋಗುತ್ತಾ ಆ ಉಪಕಾರ ಇಲ್ಲವಾಗುತ್ತದೆ, ಅಲ್ಲಿ ತೂಕ 700 ಪಟ್ಟು. ಮನುಷ್ಯರು ಕಳಿಸಿದ ಒಂದು ಯಂತ್ರ ಧ್ರುವದ ಹತ್ತಿರ ಇಳಿದು ಸಿಕ್ಕಿಹಾಕಿಕೊಂಡಿದೆ. ಅದನ್ನು ತರಲು ಮನುಷ್ಯರಿಗೆ ಸಾಧ್ಯವೇ ಇಲ್ಲ, ಮೈ ಅಪ್ಪಚ್ಚಿಯಾಗುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಂದ ಮಾತ್ರ ಆ ಕೆಲಸ ಆಗಬೇಕು.

ಅಲ್ಲಿ ಹುಟ್ಟಿದವರು ಹೇಗಿರಬಹುದು? ಉದ್ದಕ್ಕೆ ನಿಂತ ಪ್ರಾಣಿ ಅಲ್ಲಿ ಬದುಕಲ್ಲ, ಆದ್ದರಿಂದ ಕಂಬಳಿಹುಳದ ಹಾಗೆ ನೆಲಕ್ಕೆ ಅಂಟಿಕೊಂಡ, ಒಂದೂಕಾಲು ಅಡಿ ಉದ್ದದ, ಬಹಳ ಕಾಲುಗಳ ಜೀವಿ. ಅವರಲ್ಲೊಬ್ಬ ಹಡಗಿನ ಕ್ಯಾಪ್ಟನ್, ಬಾರ್ಲೆನ್ನನ್. ಮೀಥೇನ್ ದ್ರವದ ಸಮುದ್ರದ ಮೇಲೆ ವ್ಯಾಪಾರ ಮಾಡುವವನು. ಇಲ್ಲಿಯವರೆಗೆ ಇದು ಯಾರಿಗಾದರೂ ಹೊಳೆಯುವ ವಿಷಯ ಅನ್ನಿ. ಕ್ಲೆಮೆಂಟ್ ಇಲ್ಲಿಗೆ ನಿಲ್ಲಿಸಲಿಲ್ಲ. ಇಂಥವರು ಯಾವುದಕ್ಕೆ ಹೆದರುತ್ತಾರೆ ಅಂತ ಯೋಚಿಸಿದರು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಎಳೆತ 700 ಪಟ್ಟು ಇರುವ ಕಡೆ 15 ಸೆಂಟಿಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟರೆ, ನಮ್ಮಲ್ಲಿ 105 ಮೀಟರ್ ಎತ್ತರದಿಂದ ಬಿದ್ದಷ್ಟೇ ಏಟು. ನೆಲ ಮುಟ್ಟಲು ಹಿಡಿಯುವ ಕಾಲ ಸೆಕೆಂಡಿನ ನೂರನೇ ಒಂದು ಭಾಗವೂ ಇಲ್ಲ. ಜೋಗದ ರಾಜಾ ಧಾರೆಯ ಎತ್ತರ 253 ಮೀಟರ್ ಅಲ್ವಾ, ಮೆಸ್ಕ್ಲಿನ್ನಿನ ಧ್ರುವದಲ್ಲಿ ಅದೇ ಏಟು ತಿನ್ನಲು ಒಂದಡಿಗಿಂತ ಚೂರು ಎತ್ತರದ ಸ್ಟೂಲು ಸಾಕು. ಇಂಥ ಊರಿನವರಿಗೆ 'ಎತ್ತರ' ಅನ್ನುವುದೇ ಸಾವು. ತಲೆಯ ಮೇಲೆ ಯಾವುದಾದರೂ ಭಾರದ ವಸ್ತು ಇದೆ ಅಂದರೆ ಎದೆ ಒಡೆಯುತ್ತದೆ. ಹಾರುವುದು ಗೊತ್ತಿಲ್ಲ. ಎಸೆಯುವುದು ಕೂಡ ಗೊತ್ತಿಲ್ಲ, ಯಾಕೆಂದರೆ ಕೈಯಿಂದ ಬಿಟ್ಟ ಕಲ್ಲು ಕಣ್ಣಿಗೆ ಕಾಣುವ ಮೊದಲೇ ನೆಲದಲ್ಲಿರುತ್ತದೆ, ಅದು ಮುಂದಕ್ಕೆ ಹೋಗಬಹುದು ಅನ್ನುವ ಕಲ್ಪನೆಯೇ ಹುಟ್ಟುವುದಿಲ್ಲ.

ಈಗ ಈ ಬಾರ್ಲೆನ್ನನ್ ಸಮಭಾಜಕಕ್ಕೆ ಬಂದಿದ್ದಾನೆ, ಬಿದ್ದರೂ ಏನೂ ಆಗದ ಜಾಗ. ಅವನ ಮನುಷ್ಯ ಗೆಳೆಯ ಸಹಜವಾಗಿ ಅವನನ್ನು ಎತ್ತಿ ವಾಹನದ ಮಾಡಿನ ಮೇಲೆ ಕೂರಿಸುತ್ತಾನೆ. ನಮಗೆ ಅದು ಮಗುವನ್ನು ಜಗುಲಿಯ ಮೇಲೆ ಕೂರಿಸಿದಷ್ಟು ಸಲೀಸು. ಅವನಿಗೆ ಅದು ಜೀವಮಾನದಲ್ಲೇ ಆಗಿರದ ಭಯಂಕರ. ಆ ಎರಡು ಪುಟ ಓದುವಾಗ ಕಂಬಳಿಹುಳದಂಥ ಒಂದು ಜೀವಿಯ ಒಳಗೆ ನಾವೇ ಕೂತು ನಡುಗಿರುತ್ತೇವೆ. ಆಮೇಲೆ ಅವನು ಭಯ ದಾಟುತ್ತಾನೆ, ಹಡಗಿನವರನ್ನೂ ದಾಟಿಸುತ್ತಾನೆ, ಕೊನೆಗೆ ಮನುಷ್ಯರ ಯಂತ್ರದ ಹತ್ತಿರ ತಲುಪಿದ ಮೇಲೆ ಒಳ್ಳೆ ವ್ಯಾಪಾರಿಯ ಹಾಗೆ ಪಟ್ಟು ಹಿಡಿದು ಕೂರುತ್ತಾನೆ: ನಿಮ್ಮ ಯಂತ್ರ ಬೇಕಾದರೆ ನಿಮ್ಮ ವಿದ್ಯೆ ಕೊಡಿ, ಮೊದಲಿನಿಂದ, ನನಗೆ ಅರ್ಥ ಆಗುವ ಹಾಗೆ. ಇವನನ್ನು ಸಪ್ಪೆ ಪಾತ್ರ ಅಂತ ನಾನಂತೂ ಹೇಳಲಾರೆ. ಅದೇ ಪುಸ್ತಕದ ಮನುಷ್ಯ ಪಾತ್ರಗಳು? ಸಪ್ಪೆಯೇ, ಒಪ್ಪುತ್ತೇನೆ.

ಕ್ಲೆಮೆಂಟ್ ಈ ಗ್ರಹವನ್ನು ಹೇಗೆ ಕಟ್ಟಿದೆ ಅಂತ ಬೇರೆ ಲೇಖನವನ್ನೇ ಬರೆದರು. ಅದರಲ್ಲಿ ಅವರು ಹೇಳುವುದು, ಇದು ಲೇಖಕನಿಗೂ ಓದುಗನಿಗೂ ನಡುವಿನ ಆಟ, ಅವನು ತಪ್ಪು ಮಾಡದ ಹಾಗೆ ನೋಡಿಕೊಳ್ಳಬೇಕು, ಇವನು ತಪ್ಪು ಹಿಡಿಯಬೇಕು. ಓದುಗರು ಹಿಡಿದೂ ಹಿಡಿದರು. ಆಮೇಲೆ ಲೆಕ್ಕ ತಿದ್ದಿದಾಗ ಧ್ರುವದ ಎಳೆತ 700 ಪಟ್ಟು ಅಲ್ಲ, ಅದರ ಅರ್ಧಕ್ಕಿಂತಲೂ ಕಡಿಮೆ ಅಂತ ಬಂತು. ಲೇಖಕರು ಅದಕ್ಕೆ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಬೇರೆ ಯಾವ ಬಗೆಯ ಸಾಹಿತ್ಯದಲ್ಲಿ ಓದುಗ ಪೆನ್ಸಿಲ್ ಹಿಡಿದು ಲೇಖಕನ ಲೆಕ್ಕ ತಿದ್ದುತ್ತಾನೆ ಹೇಳಿ.

ಹಾಗಾದರೆ ಯಂತ್ರದ ವಿವರ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದಾ? ಇಲ್ಲ. ಈ ಜಗಳ ನೂರು ವರ್ಷಕ್ಕಿಂತ ಹಳೆಯದು. ಜೂಲ್ಸ್ ವರ್ನ್ 1865ರಲ್ಲಿ ಚಂದ್ರನಿಗೆ ಮನುಷ್ಯರನ್ನು ಕಳಿಸಿದ್ದು ಫಿರಂಗಿಯಿಂದ. ಫ್ಲೋರಿಡಾದಲ್ಲಿ 900 ಅಡಿಯ ಕೊಳವೆ, ಅಲ್ಯೂಮಿನಿಯಂ ಗುಂಡಿನೊಳಗೆ ಮೂವರು, ಮದ್ದಿನ ತೂಕ, ಖರ್ಚು, ಚಂದಾ ವಸೂಲಿ, ಎಲ್ಲದರ ಲೆಕ್ಕ ಪುಟಗಟ್ಟಲೆ ಇದೆ. ಎಚ್. ಜಿ. ವೆಲ್ಸ್ 1901ರಲ್ಲಿ ಅದೇ ಚಂದ್ರನಿಗೆ ಕಳಿಸಿದ್ದು ಗುರುತ್ವವನ್ನೇ ತಡೆಯುವ ಒಂದು ಪದಾರ್ಥ ಬಳಿದ ಗೋಳದಲ್ಲಿ. ವಯಸ್ಸಾಗಿದ್ದ ವರ್ನ್‌ಗೆ ಇದು ಮೈ ಉರಿಸಿತು. ನಾನು ಮದ್ದು ಬಳಸಿದೆ, ಈತ ಲೋಹ ಹುಟ್ಟಿಸಿಕೊಳ್ಳುತ್ತಾನೆ, ಎಲ್ಲಿದೆ ಆ ಲೋಹ ತೋರಿಸಲಿ ನೋಡೋಣ ಅನ್ನುವ ಧಾಟಿಯಲ್ಲಿ ಒಬ್ಬ ಪತ್ರಕರ್ತನ ಹತ್ತಿರ ಗೊಣಗಿದರು.

ತಮಾಷೆ ಅಂದರೆ ವರ್ನ್ ಅವರ ಲೆಕ್ಕವೇ ಕೈಕೊಟ್ಟಿತ್ತು. 900 ಅಡಿ ಅಂದರೆ ಸುಮಾರು 274 ಮೀಟರ್. ಅಷ್ಟರೊಳಗೆ ನಿಂತಲ್ಲಿಂದ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು ಅಂದರೆ ಒಳಗಿರುವವರ ತೂಕ 22 ಸಾವಿರ ಪಟ್ಟು ಏರುತ್ತದೆ. 70 ಕೆಜಿ ಮನುಷ್ಯನ ಮೇಲೆ 1,500 ಟನ್ನಿಗೂ ಹೆಚ್ಚು ಭಾರ. ಗುಂಡಿನ ತಳದಲ್ಲಿ ನೀರಿನ ಮೆತ್ತೆ ಇಟ್ಟಿದ್ದೇವೆ ಅಂತ ವರ್ನ್ ಸಮಾಧಾನ ಹೇಳುತ್ತಾರೆ, ಅದರಿಂದ ಏನೂ ಆಗುವುದಿಲ್ಲ, ಮೂವರೂ ಫಿರಂಗಿಯ ಬಾಯಿ ದಾಟುವ ಮೊದಲೇ ಮುಗಿದಿರುತ್ತಾರೆ. ವೆಲ್ಸ್ ಬೇರೆ ದಾರಿ ಹಿಡಿದರು. ಅಸಾಧ್ಯವಾದದ್ದು ಒಂದೇ ಇರಲಿ, ಉಳಿದದ್ದೆಲ್ಲ ಮನೆಮಾತಿನಷ್ಟು ಪರಿಚಿತ ಇರಲಿ, ಏನು ಬೇಕಾದರೂ ಆಗಬಹುದಾದ ಕಡೆ ಯಾವುದೂ ಸ್ವಾರಸ್ಯ ಅನ್ನಿಸುವುದಿಲ್ಲ ಅಂತ ಆಮೇಲೆ, 1933ರ ಒಂದು ಮುನ್ನುಡಿಯಲ್ಲಿ ಬರೆದರು. ಚೌಕಾಬಾರ ಆಡುವಾಗ ಸೋಲುವವನು ನಡುವೆ ಹೊಸ ನಿಯಮ ತಂದರೆ ಆಟ ಅಲ್ಲಿಗೇ ಸತ್ತಹಾಗೆ, ಅಲ್ವಾ? ಈ ಜಗಳದಲ್ಲಿ ನನ್ನ ಓಟು ವೆಲ್ಸ್‌ಗೆ.

ಆದರೆ ವರ್ನ್ ಅವರ ತಪ್ಪು ಲೆಕ್ಕದ ಪುಸ್ತಕವೂ ಎಲ್ಲೋ ಹೋಗಿ ಮೊಳಕೆಯೊಡೆಯಿತು. ರಷ್ಯಾದ ಕಲುಗಾ ಅನ್ನುವ ಊರಲ್ಲಿ ಕಾನ್ಸ್ಟಂಟೀನ್ ಸಿಯೋಲ್ಕೋವ್‌ಸ್ಕಿ ಅಂತ ಒಬ್ಬ ಶಾಲಾ ಮೇಷ್ಟ್ರು, ಚಿಕ್ಕಂದಿನಲ್ಲೇ ಜ್ವರ ಬಂದು ಕಿವಿ ಹೋಗಿತ್ತು. ಆಕಾಶಯಾನದ ಗೀಳು ತನಗೆ ಹತ್ತಿದ್ದು ವರ್ನ್ ಓದಿ ಅಂತ ಅವರೇ ಹೇಳಿಕೊಂಡಿದ್ದಾರೆ. ಗಗನಯಾನಕ್ಕೆ ರಾಕೆಟ್ ಬೇಕು, ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ ಉರಿಸಬೇಕು ಅಂತ 1903ರಲ್ಲಿ ಬರೆದು ಪ್ರಕಟಿಸಿದರು. ಇಂದು ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿಯುವುದು ಅದೇ ಜೋಡಿ.

ಇದು ನಿಮ್ಮ ಎರಡನೇ ಪ್ರಶ್ನೆಗೆ ಬಂತು. ಭವಿಷ್ಯ ಹೇಳುವುದು. ಇದನ್ನೇ ದೊಡ್ಡದು ಮಾಡಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಸಾವಿರ ಕಥೆ ಬರೆದರೆ ನಾಲ್ಕು ನಿಜವಾಗದೆ ಇರುತ್ತಾ? ಆ ನಾಲ್ಕನ್ನು ಎತ್ತಿ ತೋರಿಸಿ, ಉಳಿದದ್ದನ್ನು ಮರೆತುಬಿಡುತ್ತಾರೆ. ನಿಮ್ಮ ಹಾಸನದಲ್ಲೇ, ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳು. ಅಲ್ಲಿಂದ ನೋಡಿಕೊಳ್ಳುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುತ್ತಾ, ನಮಗೆ ನಿಂತಲ್ಲೇ ನಿಂತ ಹಾಗೆ ಕಾಣುವ ಉಪಗ್ರಹಗಳನ್ನು. ಅಂಥ ಮೂರು ಇದ್ದರೆ ಇಡೀ ಭೂಮಿಗೆ ರೇಡಿಯೋ ಸಂಪರ್ಕ ಕೊಡಬಹುದು ಅಂತ 1945ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಬರೆದಿದ್ದರು. ವಿಜ್ಞಾನ ಕಥೆ ನಿಜವಾಯಿತು ನೋಡಿ ಅಂತ ಎಲ್ಲರೂ ಇದನ್ನೇ ಉದಾಹರಣೆ ಕೊಡುತ್ತಾರೆ. ಅದು ಕಥೆಯೇ ಅಲ್ಲ! ರೇಡಿಯೋ ತಂತ್ರಜ್ಞರ ಪತ್ರಿಕೆಯಲ್ಲಿ ಬಂದ ತಾಂತ್ರಿಕ ಲೇಖನ. ಅದರಲ್ಲೂ ಕ್ಲಾರ್ಕ್ ಕಲ್ಪಿಸಿಕೊಂಡದ್ದು ಮನುಷ್ಯರು ಮೇಲೆಯೇ ವಾಸ ಇದ್ದು ನೋಡಿಕೊಳ್ಳುವ ನಿಲ್ದಾಣಗಳನ್ನು. ಟ್ರಾನ್ಸಿಸ್ಟರ್ ಬಂದದ್ದು ಎರಡು ವರ್ಷ ಆದಮೇಲೆ, 1947ರಲ್ಲಿ. ಆಗಾಗ ಸುಟ್ಟುಹೋಗಿ ಬದಲಿಸಬೇಕಾಗುವ ಗಾಜಿನ ವಾಲ್ವುಗಳ ಕಾಲದಲ್ಲಿ ಕೂತವರಿಗೆ ಮೇಲೆ ಆಳುಗಳಿಲ್ಲದೆ ನಡೆಯುತ್ತದೆ ಅಂತ ಹೊಳೆಯುವುದು ಕಷ್ಟ.

ಭವಿಷ್ಯ ಹೇಳುವುದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದು ನಡೆಯುತ್ತದೆ. ವೆಲ್ಸ್ 1914ರ ಒಂದು ಕಾದಂಬರಿಯಲ್ಲಿ ಅಣುಬಾಂಬು ತಂದರು. ತಾಂತ್ರಿಕವಾಗಿ ಪೂರಾ ತಪ್ಪು, ಅವರ ಬಾಂಬು ವಿಮಾನದಿಂದ ಕೈಯಲ್ಲಿ ಎಸೆಯುವಂಥದ್ದು, ಬಿದ್ದಮೇಲೆ ದಿನಗಟ್ಟಲೆ ಸಿಡಿಯುತ್ತಲೇ ಇರುತ್ತದೆ. 1932ರಲ್ಲಿ ಲಿಯೋ ಸಿಲಾರ್ಡ್ ಅನ್ನುವ ಹಂಗೆರಿಯ ಭೌತವಿಜ್ಞಾನಿ ಆ ಪುಸ್ತಕ ಓದಿದರು. ಮರುವರ್ಷ ಲಂಡನ್ನಿನಲ್ಲಿ ರಸ್ತೆ ದಾಟುತ್ತಿದ್ದಾಗ ಒಂದು ನ್ಯೂಟ್ರಾನು ಎರಡನ್ನು, ಆ ಎರಡು ನಾಲ್ಕನ್ನು ಹೊಮ್ಮಿಸುತ್ತಾ ಹೋಗುವ, ಅಣುಬಾಂಬಿಗೆ ಬುಡವಾದ ಸರಪಳಿ ಕ್ರಿಯೆಯ ಐಡಿಯಾ ಅವರಿಗೆ ಹೊಳೆಯಿತು. ಪೇಟೆಂಟ್ ಮಾಡಿಸಿದರು, ಆಮೇಲೆ ಅದು ಯಾರ ಕೈಗೂ ಸಿಗದ ಹಾಗೆ ಗುಟ್ಟಾಗಿರಲಿ ಅಂತ ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿದರು. ಯಾಕೆ? ಇದರಿಂದ ಏನಾಗುತ್ತದೆ ಅಂತ ವೆಲ್ಸ್ ಓದಿದ್ದರಿಂದ ಗೊತ್ತಿತ್ತು ಅಂತ ಅವರೇ ಹೇಳಿದ್ದಾರೆ. ಬೇರೆ ಯಾರಿಗಾದರೂ ಅದು ಒಂದು ಸಮೀಕರಣ. ಇವರ ಕಣ್ಣಿಗೆ ಉರಿಯುವ ಊರುಗಳು ಕಂಡವು. ಕಾದಂಬರಿ ಅವರಿಗೆ ಬಾಂಬು ಮಾಡುವುದನ್ನು ಕಲಿಸಲಿಲ್ಲ, ಹೆದರಬೇಕಾದದ್ದಕ್ಕೆ ಮೊದಲೇ ಹೆದರುವುದನ್ನು ಕಲಿಸಿತು.

ಈಗ ಪುರಾಣ. ನೀವು ಇದನ್ನು ಕೇಳಿಯೇ ಕೇಳುತ್ತೀರಿ ಅಂತ ಗೊತ್ತಿತ್ತು, ಕನ್ನಡ ಮೇಷ್ಟ್ರಲ್ವಾ.

ರೇವತಿಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರಾಜ ಕಕುದ್ಮಿ ಮಗಳಿಗೆ ವರ ಯಾರು ಅಂತ ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಗಾನ ನಡೆಯುತ್ತಿರುತ್ತದೆ, ಮುಗಿಯುವವರೆಗೆ ಕಾಯುತ್ತಾರೆ. ಆಮೇಲೆ ಬ್ರಹ್ಮ ನಕ್ಕು ಹೇಳುತ್ತಾನೆ: ನೀನು ಮನಸ್ಸಿನಲ್ಲಿಟ್ಟುಕೊಂಡ ವರಗಳು, ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಈಗಿಲ್ಲ, ಕೆಳಗೆ 27 ಚತುರ್ಯುಗ ಕಳೆದುಹೋಗಿದೆ. ಕಾಲ ಎಲ್ಲ ಕಡೆ ಒಂದೇ ಥರ ಓಡುವುದಿಲ್ಲ ಅನ್ನುವ ಐಡಿಯಾ ಇದರಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ನನಗೆ ಇದಕ್ಕಿಂತ ಇಷ್ಟ ಆಗುವುದು ಆಮೇಲಿನ ಭಾಗ. ವಿಷ್ಣುಪುರಾಣದಲ್ಲಿ ಅವರು ವಾಪಸ್ ಬಂದಾಗ ಜನ ಕುಳ್ಳಾಗಿರುತ್ತಾರೆ, ಬಲಗುಂದಿರುತ್ತಾರೆ. ರೇವತಿ ಹಳೇ ಯುಗದವಳು, ಬಲರಾಮನಿಗೆ ಹೋಲಿಸಿದರೆ ವಿಪರೀತ ಎತ್ತರ. ಬಲರಾಮ ನೇಗಿಲ ತುದಿಯಿಂದ ಒತ್ತಿ ಅವಳನ್ನು ತಕ್ಕ ಎತ್ತರಕ್ಕೆ ಇಳಿಸುತ್ತಾನೆ! ಇದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಆ ಪುರಾಣಕಾರ ಒಂದು ಕ್ಷಣ ನಿಂತು 'ಹಾಗಾದರೆ ಮದುವೆ ಹೇಗೆ ಆಗುತ್ತದೆ?' ಅಂತ ಯೋಚಿಸಿದ್ದಾನೆ. ಅದು ಅಪ್ಪಟ ವಿಜ್ಞಾನ ಕಥೆಗಾರನ ತುರಿಕೆ.

ವ್ಯತ್ಯಾಸ ಎಲ್ಲಿ ಅಂದರೆ, ಆ ಕಾಲದ ವ್ಯತ್ಯಾಸ ಬ್ರಹ್ಮಲೋಕಕ್ಕೆ ಸೇರಿದ್ದು, ಅಲ್ಲಿಗೆ ಹೋಗಲು ಕಕುದ್ಮಿಯಂಥವನೇ ಆಗಬೇಕು. ಐನ್‌ಸ್ಟೈನ್ ಹೇಳಿದ ವ್ಯತ್ಯಾಸಕ್ಕೆ ಯೋಗ್ಯತೆ ಬೇಕಿಲ್ಲ. ಬೆಳಕಿನ ವೇಗದ ನೂರಕ್ಕೆ 99ರಷ್ಟು ವೇಗದಲ್ಲಿ ಹೋದರೆ ಹಡಗಿನಲ್ಲಿ 10 ವರ್ಷ ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಸುಮಾರು 71 ವರ್ಷ ಆಗಿರುತ್ತದೆ, ರಾಜ ಹೋದರೂ ಅಷ್ಟೇ, ಸಾರಿಗೆ ಬಸ್ಸಿನ ಕಂಡಕ್ಟರ್ ಹೋದರೂ ಅಷ್ಟೇ. ನಿಯಮ ಎಲ್ಲರಿಗೂ ಒಂದೇ ಆದಾಗ ಕಥೆ ಬೇರೆ ಕಡೆ ತಿರುಗುತ್ತದೆ. ಜೋ ಹಾಲ್ಡೆಮನ್ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದವರು. 1974ರ ತಮ್ಮ ಕಾದಂಬರಿ 'ದ ಫಾರೆವರ್ ವಾರ್'ನಲ್ಲಿ ಸಾಮಾನ್ಯ ಸಿಪಾಯಿಯೊಬ್ಬನನ್ನು ಇಂಥ ವೇಗದಲ್ಲಿ ಯುದ್ಧಕ್ಕೆ ಕಳಿಸುತ್ತಾರೆ. ಅವನಿಗೆ ಕೆಲವೇ ವರ್ಷಗಳ ನೌಕರಿ, ಊರಲ್ಲಿ ಶತಮಾನಗಳು. ಬ್ಯಾಂಕಿನಲ್ಲಿ ಸಂಬಳ ಬೆಳೆದು ನಿಂತಿರುತ್ತದೆ, ಖರ್ಚು ಮಾಡಲು ಗೊತ್ತಿರುವ ಊರಿಲ್ಲ, ಜನ ಇಲ್ಲ. ಇನ್ನೂ ಕೆಟ್ಟದ್ದು, ಎದುರಿಗೆ ಸಿಗುವ ಶತ್ರು ತನಗಿಂತ ನೂರಾರು ವರ್ಷ ಮುಂದಿನ ಕಾಲದಿಂದ ಹೊರಟವನಾಗಿರಬಹುದು, ಅವನ ಕೈಯಲ್ಲಿ ಎಂಥ ಆಯುಧ ಇದೆ ಅಂತ ಊಹಿಸುವುದೂ ಕಷ್ಟ. ಯುದ್ಧದಿಂದ ಮನೆಗೆ ಬಂದವನಿಗೆ ಮನೆಯೇ ಅಪರಿಚಿತ ಆಗುವುದನ್ನು ಹಾಲ್ಡೆಮನ್ ಸ್ವಂತ ಅನುಭವದಿಂದ ಬಲ್ಲವರು. ಅದನ್ನು ನೇರ ಬರೆದಿದ್ದರೆ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಹಾಗಾಗಿ ಪುರಾಣದ ಜೊತೆ ಪೈಪೋಟಿ ಬೇಡ. ಎಲ್ಲ ನಮ್ಮಲ್ಲಿ ಮೊದಲೇ ಇತ್ತು ಅಂತ ಹೇಳುವವರು ಪುರಾಣವನ್ನೂ ಓದಿರುವುದಿಲ್ಲ, ವಿಜ್ಞಾನವನ್ನೂ ಓದಿರುವುದಿಲ್ಲ. ಅವರ ಮಾತು ಬಿಡಿ.

ಐಡಿಯಾ ಅಂದರೆ ರಾಕೆಟ್, ಗ್ರಹ, ಭೌತವಿಜ್ಞಾನ ಅಷ್ಟೇ ಅಂದುಕೊಳ್ಳಬೇಡಿ. 1905ರಲ್ಲಿ ಮದ್ರಾಸಿನಿಂದ ಹೊರಡುತ್ತಿದ್ದ ಮಹಿಳೆಯರ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಸಣ್ಣ ಕಥೆ ಬಂತು, 'ಸುಲ್ತಾನಾಸ್ ಡ್ರೀಮ್'. ಬರೆದವರು ರೊಕೆಯಾ ಹುಸೇನ್, ಬಂಗಾಳದವರು, ಸ್ವತಃ ಪರದೆಯಲ್ಲಿ ಬೆಳೆದವರು. ಅವರ ಸುಳ್ಳು ಒಂದೇ: ಪರದೆಯೊಳಗೆ ಗಂಡಸರಿದ್ದು, ಹೊರಗೆ ಹೆಂಗಸರಿದ್ದರೆ? ಆಮೇಲೆ ಅದನ್ನು ಬಿಡದೆ ಹಿಂಬಾಲಿಸುತ್ತಾರೆ. ಹೆಂಗಸರ ವಿಶ್ವವಿದ್ಯಾಲಯಗಳಿವೆ. ಒಂದು ವಿಶ್ವವಿದ್ಯಾಲಯ ಮೋಡದಿಂದ ನೇರ ನೀರು ಎಳೆದುಕೊಳ್ಳುತ್ತದೆ, ಇನ್ನೊಂದು ಬಿಸಿಲಿನ ಶಾಖ ಹಿಡಿದಿಡುತ್ತದೆ. ಕಥೆ ಹೇಳುವವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ. ಹೊಗೆ ಇಲ್ಲ, ಇದ್ದಿಲಿಲ್ಲ, ಒಲೆಯ ಗುರುತೇ ಇಲ್ಲ. ಅಡುಗೆ ಹೇಗೆ ಮಾಡ್ತೀರಿ? ಬಿಸಿಲಿನ ಶಾಖದಿಂದ. ಆ ಶಾಖ ಬರುವ ಕೊಳವೆಯನ್ನೇ ತೋರಿಸುತ್ತಾರೆ. ಆಫೀಸಿನ ಕೆಲಸ ದಿನಕ್ಕೆ ಎರಡೇ ಗಂಟೆ, ಯಾಕೆಂದರೆ ಗಂಡಸರು ಉಳಿದ ಹೊತ್ತೆಲ್ಲ ಚುಟ್ಟ ಸೇದುತ್ತಾ ಕಳೆಯುತ್ತಿದ್ದರು ಅಂತ ಲೆಕ್ಕ ಸಮೇತ ಹೇಳುತ್ತಾರೆ. ಗಂಡ ಊರೂರು ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲು ಬರೆದ ಕಥೆ ಇದು. ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್. ವಾಪಸ್ ಬಂದು ನಿಂತಲ್ಲೇ ಪೂರ್ತಿ ಓದಿ, 'ಭಯಂಕರ ಸೇಡು' ಅಂದರಂತೆ. ಆ ಅಡುಗೆಮನೆ ನೋಡಿ ಮೇಷ್ಟ್ರೇ. ಹೊಗೆಯಲ್ಲಿ ಕಣ್ಣು ಉರಿಸಿಕೊಳ್ಳುವವರ ಪಾಡು ಬಲ್ಲವರಿಗೆ ಮಾತ್ರ ಆ ವಿವರ ಹೊಳೆಯುತ್ತದೆ. ಲೋಕವನ್ನು ಒಂದು ಕಡೆ ತಿರುಗಿಸಿದಾಗ ನಾವು ದಿನಾ ನೋಡಿಯೂ ನೋಡದೆ ಇದ್ದದ್ದು ಎದುರಿಗೆ ಬಂದು ನಿಲ್ಲುತ್ತದೆ.

ಪಾತ್ರಗಳ ವಿಷಯಕ್ಕೆ ಇನ್ನೊಮ್ಮೆ ಬರುತ್ತೇನೆ, ಅದು ನಿಮಗೆ ಮುಖ್ಯ ಅಂತ ಗೊತ್ತು. ರೇ ಬ್ರಾಡ್ಬರಿ 1950ರಲ್ಲಿ ಬರೆದ ಒಂದು ಕಥೆಯಲ್ಲಿ ಮನುಷ್ಯರೇ ಇಲ್ಲ. ಇರುವುದು ಒಂದು ಮನೆ, ಎಲ್ಲ ತಾನಾಗೇ ಮಾಡುವ ಮನೆ. ಬೆಳಿಗ್ಗೆ ಏಳು ಗಂಟೆ ಅಂತ ಕೂಗುತ್ತದೆ, ತಿಂಡಿ ಮಾಡುತ್ತದೆ, ಇವತ್ತು ಯಾರ ಹುಟ್ಟುಹಬ್ಬ, ಯಾವ ಬಿಲ್ಲು ಕಟ್ಟಬೇಕು ಅಂತ ನೆನಪು ಮಾಡುತ್ತದೆ. ಯಾರೂ ಬರುವುದಿಲ್ಲ. ತಿಂಡಿ ಆರಿ ಹೋಗುತ್ತದೆ, ಅದನ್ನು ತೆಗೆದು ತೊಳೆದಿಡುತ್ತದೆ. ಹೊರಗಿನ ಪಶ್ಚಿಮದ ಗೋಡೆ ಪೂರ್ತಿ ಸುಟ್ಟು ಕರಿಯಾಗಿದೆ, ಕೆಲವು ಕಡೆ ಮಾತ್ರ ಬಣ್ಣ ಉಳಿದಿದೆ. ಹುಲ್ಲು ಕತ್ತರಿಸುತ್ತಿರುವ ಗಂಡಸಿನ ಆಕಾರದಲ್ಲಿ, ಹೂವು ಕೀಳಲು ಬಗ್ಗಿದ ಹೆಂಗಸಿನ ಆಕಾರದಲ್ಲಿ, ಚೆಂಡು ಎಸೆದ ಹುಡುಗ, ಹಿಡಿಯಲು ಕೈ ಎತ್ತಿದ ಹುಡುಗಿ. ಅಣುಬಾಂಬು ಬಿದ್ದ ಕ್ಷಣ ಅವರು ಅಡ್ಡ ನಿಂತಷ್ಟು ಜಾಗ ಮಾತ್ರ ಸುಡದೆ ಉಳಿದಿದೆ. ಆ ನಾಲ್ವರ ಬಗ್ಗೆ ಇನ್ನೇನನ್ನೂ ಹೇಳುವುದಿಲ್ಲ. ಹೇಳುವ ಅಗತ್ಯ ಇದೆಯಾ? ಹಿರೋಷಿಮಾ ಆಗಿ ಐದೇ ವರ್ಷ ಆಗಿತ್ತು ಅನ್ನುವುದು ನೆನಪಿರಲಿ. ಅಂದ ಹಾಗೆ ಅದೇ ವರ್ಷ ಆ ಕಥೆ ಪುಸ್ತಕದಲ್ಲಿ ಸೇರಿದಾಗ ಬ್ರಾಡ್ಬರಿ ಅದಕ್ಕೆ ಇಟ್ಟ ತಾರೀಖು 2026ರ ಆಗಸ್ಟ್ 4.

ಕಸ ಇಲ್ಲವಾ? ರಾಶಿ ಇದೆ. ಥಿಯೊಡೋರ್ ಸ್ಟರ್ಜನ್ ಅನ್ನುವ ಲೇಖಕರನ್ನು ಇದೇ ಮಾತು ಹೇಳಿ ಚುಚ್ಚುತ್ತಿದ್ದರು, ವಿಜ್ಞಾನ ಕಥೆಯಲ್ಲಿ ನೂರಕ್ಕೆ ತೊಂಬತ್ತು ಕಸ ಅಂತ. ಹೌದು, ಎಲ್ಲದರಲ್ಲೂ ನೂರಕ್ಕೆ ತೊಂಬತ್ತು ಕಸವೇ ಅಂದುಬಿಟ್ಟರು ಅವರು. ನಿಮ್ಮ ಕೈಗೆ ಸಿಕ್ಕ ಎರಡು ಆ ತೊಂಬತ್ತರಲ್ಲಿ ಇದ್ದಿರಬಹುದು.

ಕನ್ನಡದಲ್ಲಿ? ರಾಜಶೇಖರ ಭೂಸನೂರಮಠರು ದಶಕಗಳ ಕಾಲ ಈ ಕೆಲಸವನ್ನೇ ವ್ರತದ ಹಾಗೆ ಮಾಡಿದರು. 'ಮನು' ಹೆಸರಿನಲ್ಲಿ ಬರೆದವರ 'ಮಹಾಸಂಪರ್ಕ' ಮಹಾಭಾರತವನ್ನೇ ಅನ್ಯಲೋಕದವರ ಜೊತೆ ಹೆಣೆಯಿತು, ಅದು ನಿಮ್ಮ ಪುರಾಣದ ಪ್ರಶ್ನೆಗೆ ಒಂದು ಬಗೆಯ ಉತ್ತರ. ಆದರೆ ನಮ್ಮ ಪತ್ರಿಕೆಗಳಲ್ಲಿ ಬರುವ ಬಹಳಷ್ಟು ವಿಜ್ಞಾನ ಕಥೆಗಳ ಬಗ್ಗೆ ನನಗೆ ಎರಡು ತಕರಾರು ಇದೆ. ಒಂದು, ಕಥೆಯೊಳಗೆ ಒಬ್ಬ ಪ್ರೊಫೆಸರ್ ಬಂದು ಪಾಠ ಶುರು ಮಾಡುತ್ತಾರೆ, ಕಥೆ ಅಲ್ಲಿಗೆ ಮಲಗುತ್ತದೆ. ಎರಡು, ಕೊನೆಗೆ ಎಚ್ಚರವಾಯಿತು, ಎಲ್ಲ ಕನಸು. ಸುಳ್ಳು ಹೇಳಿ ಅದರ ಹೊಣೆ ಹೊರದೆ ಓಡಿಹೋದ ಹಾಗೆ. ರೊಕೆಯಾ ಅವರ ಕಥೆಯೂ ಕನಸಿನಲ್ಲೇ ಮುಗಿಯುತ್ತದಲ್ಲ ಅಂತ ನೀವು ಕೇಳಬಹುದು, ಅಲ್ಲಿ ಎಚ್ಚರವಾದವಳಿಗೆ ಕಾಣುವುದು ಮತ್ತದೇ ಪರದೆಯ ಒಳಮನೆ, ಹಾಗಾಗಿ ಕ್ಷಮಿಸಿದ್ದೇನೆ.

ಓದುವ ರೀತಿ ಬಗ್ಗೆ ಒಂದು ಮಾತು. ಇಂಥ ಪುಸ್ತಕದ ಮೊದಲ ಹತ್ತಿಪ್ಪತ್ತು ಪುಟ ಪೂರ್ತಿ ಅರ್ಥ ಆಗುವುದಿಲ್ಲ, ಆಗಬಾರದು ಕೂಡ. ರಾಬರ್ಟ್ ಹೈನ್‌ಲೈನ್ 1942ರ ಒಂದು ಕಾದಂಬರಿಯಲ್ಲಿ ಬಾಗಿಲು ತೆರೆಯಿತು ಅಂತ ಬರೆಯುವ ಕಡೆ ಬಾಗಿಲು ಹಿಗ್ಗಿತು ಅಂತ ಬರೆದು, ಏನೂ ವಿವರಣೆ ಕೊಡದೆ ಮುಂದೆ ಹೋಗಿಬಿಡುತ್ತಾರೆ. ಅಂದರೆ ಆ ಊರಿನ ಬಾಗಿಲಿಗೆ ತಿರುಗುವ ಕೀಲು ಇಲ್ಲ, ಕಣ್ಣಿನ ಪಾಪೆಯ ಹಾಗೆ ನಡುವಿನಿಂದ ಅಗಲವಾಗುತ್ತದೆ, ಒಳಗಿರುವವರಿಗೆ ಅದು ಎಷ್ಟು ರೂಢಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಷ್ಟನ್ನೂ ನಾವೇ ಕಟ್ಟಿಕೊಳ್ಳಬೇಕು. ಯಂತ್ರದ ವರ್ಣನೆ ಜಾಸ್ತಿ ಅಂದಿರಲ್ಲ, ಒಳ್ಳೆಯವರು ವರ್ಣಿಸುವುದೇ ಇಲ್ಲ, ಸುಳಿವು ಬಿಟ್ಟು ಹೋಗುತ್ತಾರೆ. ಅರ್ಥವಾಗದ ಪದ ಬಂದರೆ ನಿಲ್ಲಬೇಡಿ, ನಾಲ್ಕು ಪುಟ ಆದಮೇಲೆ ಅದೇ ಬಂದು ಕೈ ಹಿಡಿಯುತ್ತದೆ.

ನಿಮಗೆ ಕಾದಂಬರಿ ಬೇಡ, ಸದ್ಯಕ್ಕೆ ಒಂದೇ ಕಥೆ ಸಾಕು. ಟೆಡ್ ಚಿಯಾಂಗ್ ಅವರ 'ಸ್ಟೋರಿ ಆಫ್ ಯುವರ್ ಲೈಫ್', 1998ರದ್ದು. ನಾಯಕಿ ಭಾಷಾವಿಜ್ಞಾನಿ, ಅನ್ಯಲೋಕದಿಂದ ಬಂದವರ ಭಾಷೆ ಕಲಿಯುವುದು ಅವಳ ಕೆಲಸ. ಅವರ ಬರಹದಲ್ಲಿ ಒಂದು ವಾಕ್ಯ ಬರೆಯಲು ಕೈ ಹಾಕುವ ಮೊದಲೇ ಅದರ ಕೊನೆ ಗೊತ್ತಿರಬೇಕು. ಅದನ್ನು ಕಲಿಯುತ್ತಾ ಕಲಿಯುತ್ತಾ ಅವಳು ಯೋಚಿಸುವ ರೀತಿಯೇ ಬದಲಾಗುತ್ತದೆ, ಮುಂದೆ ಆಗುವುದು ನೆನಪಿನ ಹಾಗೆ ಕಾಣತೊಡಗುತ್ತದೆ. ಇಡೀ ಕಥೆಯನ್ನು ಅವಳು ಹೇಳುವುದು ತನ್ನ ಮಗಳಿಗೆ. ಇಷ್ಟಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಮಗಳು ನನ್ನನ್ನು ಬೈಯುತ್ತಾಳೆ. ನಡುವೆ ಒಂದು ಕಡೆ ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಬಾಗುವ ಚಿತ್ರ ಬರುತ್ತದೆ, ಬೆಳಕು ಅತಿ ಬೇಗ ತಲುಪುವ ದಾರಿಯನ್ನೇ ಹಿಡಿಯುತ್ತದೆ ಅನ್ನುವ, ಫರ್ಮಾ ಎಂಬ ಗಣಿತಜ್ಞರ ನಿಯಮ. ಅಲ್ಲಿ ಸಿಕ್ಕಿಕೊಂಡರೆ ಮಗಳನ್ನು ಕೂರಿಸಿಕೊಂಡು ಕೇಳಿ, ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಾಳೆ. ವ್ಯಾಕರಣದ ಪುಟಗಳಲ್ಲಿ ಅವಳು ಸಿಕ್ಕಿಕೊಂಡಿರುತ್ತಾಳೆ, ಅದನ್ನು ನೀವು ಹೇಳಿಕೊಡಿ.